ಒಂದು ದೀಪ ಬಿಳಿ, ಒಂದು ದೀಪ ಹಳದಿ

ನಮ್ಮ ಕಾರಿನ ಬಲಗಡೆ ದೀಪ ಬಿಳಿ, ಎಡಗಡೆ ದೀಪ ಹಳದಿ. ಇಡೀ ಕೃಷ್ಣಮೂರ್ತಿಪುರಂ ಹುಡುಕಿದರೂ ಇಂಥ ಇನ್ನೊಂದು ಕಾರು ಸಿಗುವುದಿಲ್ಲ. ನೋಡಿದವರು, ಪಾಪ, ಒಂದು ಬಲ್ಬು ಹೋಗಿರಬೇಕು, ಸಿಕ್ಕಿದ್ದನ್ನು ಹಾಕಿಸಿಕೊಂಡಿದ್ದಾರೆ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಅದು ಒಂದು ವೈಜ್ಞಾನಿಕ ಪರೀಕ್ಷೆಯ ಅವಶೇಷ. ಪರೀಕ್ಷೆ ಮಾಡಿದವನು ನಾನು. ಅದರಲ್ಲಿ ಮೋಸಹೋದವನೂ ನಾನೇ.

ಕಾರು ನನಗಿಂತ ಆರು ವರ್ಷ ದೊಡ್ಡದು. ನನಗೆ ಹದಿನೇಳು. ಮನೆಯಲ್ಲಿ ಅದಕ್ಕೆ ಸಿಗುವ ಮರ್ಯಾದೆಯಲ್ಲಿ ಕಾಲು ಭಾಗವೂ ನನಗೆ ಸಿಗುವುದಿಲ್ಲ. ಬೆಳಿಗ್ಗೆ ಎದ್ದರೆ ತಾತ ಮೊದಲು ಕಾರಿನ ಮುಖ ಒರೆಸುತ್ತಾರೆ, ಆಮೇಲೆ ತಮ್ಮ ಮುಖ ತೊಳೆಯುತ್ತಾರೆ. ಅದಕ್ಕೆಂದೇ ಹಳೇ ಪಂಚೆ ಹರಿದು ಇಟ್ಟಿದ್ದಾರೆ. ಆ ಬಟ್ಟೆ ನಾನು ಕಾಲೇಜಿಗೆ ಹಾಕಿಕೊಂಡು ಹೋಗುವ ಶರ್ಟಿಗಿಂತ ಬೆಳ್ಳಗಿರುತ್ತದೆ. ಸಂಜೆ ಐದಕ್ಕೆ ಕಾರು ತೆಗೆದು ಯಾದವಗಿರಿಯ ಸ್ನೇಹಿತರ ಮನೆಗೆ ಹೋಗಿ ಚದುರಂಗ ಆಡುತ್ತಾರೆ, ಏಳಕ್ಕೆ ವಾಪಸ್. ರಿಟೈರಾದ ದಿನದಿಂದ ಇದು ತಪ್ಪಿಲ್ಲ. ಅಲ್ಲಿ ದಿನಾ ಸೋಲುತ್ತಾರೆ ಅನ್ನುವುದು ಬೇರೆ ವಿಷಯ.

ಈ ಕಾರು ನನಗೆ ಬರಬೇಕಾದ ಆಸ್ತಿ. ಹದಿನೆಂಟು ತುಂಬಿ ಲೈಸೆನ್ಸ್ ಸಿಕ್ಕಿದ ದಿನ ಕೀ ನನ್ನ ಕೈಗೆ ಕೊಡುತ್ತೇನೆ ಎಂದು ತಾತ ದೇವರ ಮನೆಯ ಮುಂದೆ ನಿಂತು ಮಾತು ಕೊಟ್ಟಿದ್ದರು. ಅಪ್ಪನಿಗೆ ಮಾತ್ರ ಆ ಕಾರು ಕಂಡರೆ ಆಗುವುದಿಲ್ಲ. ತಾತನ ಕೈಯಿಂದ ಕೀ ಜಾರಿದ ದಿನ ಅದು ಗುಜರಿಗೆ ಹೋಗುತ್ತದೆ ಎನ್ನುವುದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು. ಹಾಗಾಗಿ ಕೀ ತಾತನ ಹತ್ತಿರವೇ ಇರುವುದು ಅವರಿಗೆಷ್ಟು ಮುಖ್ಯವೋ ನನಗೂ ಅಷ್ಟೇ ಮುಖ್ಯ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ನನ್ನನ್ನು ತೀರಾ ಒಳ್ಳೆಯ ಹುಡುಗ ಎಂದುಕೊಂಡುಬಿಡುತ್ತೀರಿ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಶೆಡ್ಡಿನೊಳಗೇ ಕಾರನ್ನು ಎರಡು ಅಡಿ ಹಿಂದಕ್ಕೆ, ಎರಡು ಅಡಿ ಮುಂದಕ್ಕೆ ಓಡಿಸಿ ಡ್ರೈವಿಂಗ್ ಕಲಿತೆ. ಮೂರನೇ ಸಲ ಶೆಡ್ಡಿನ ಕಂಬ ಅಡ್ಡ ಬಂತು. ಎಡಗಡೆಯ ಹಿಂದಿನ ಬಾಗಿಲಿನ ಮೇಲೆ ಮೊಳದುದ್ದ ಗೀರು ಬಿತ್ತು. ಕಾರು ಕಪ್ಪು, ನನ್ನ ಶೂ ಪಾಲಿಶ್ ಕೂಡ ಕಪ್ಪು. ಅರ್ಧ ಡಬ್ಬಿ ಖರ್ಚಾಯಿತು. ಮಾರನೇ ದಿನ ಬೆಳಿಗ್ಗೆ ತಾತ ಪಂಚೆ ಬಟ್ಟೆ ಹಿಡಿದು ಬಂದಾಗ ನಾನು ಪಾಲಿಶ್ ಹತ್ತಿದ ಬೆರಳುಗಳನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ನಿಂತಿದ್ದೆ. ಅವರು ಆ ಗೀರಿನ ಮೇಲೆಯೇ ನಾಲ್ಕು ಸಲ ಉಜ್ಜಿ, ಹಿಂದೆ ಸರಿದು ನಿಂತು, "ನೋಡೋ, ಕನ್ನಡಿ ತರ ಅದೆ" ಎಂದರು. ನನ್ನ ಪಾಲಿಶ್ ಕೆಲಸದ ಬಗ್ಗೆ ನನಗೇ ಹೆಮ್ಮೆಯಾಯಿತು. ಬೇರೆ ಯೋಚನೆ ಬರಲಿಲ್ಲ. ಅಥವಾ ಬಂತು, ನಾನು ಒಳಗೆ ಬಿಡಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಎಳನೀರಿನ ಪ್ರಸಂಗ ನಡೆಯಿತು. ಯಾದವಗಿರಿಯಿಂದ ಬರುತ್ತಾ ತಾತ ನಮ್ಮ ರಸ್ತೆಯ ತಿರುವಿನಲ್ಲಿ, ಎಳನೀರು ಗಾಡಿಯ ಪಕ್ಕ ಪೇರಿಸಿಟ್ಟಿದ್ದ ಖಾಲಿ ಬುರುಡೆಗಳ ರಾಶಿಗೆ ಕಾರು ನುಗ್ಗಿಸಿಬಿಟ್ಟರು. ಹನ್ನೊಂದು ಬುರುಡೆ ಉರುಳಿದವು. ಕ್ಲಾಸಿನಲ್ಲಿ ಹೇಳುವಾಗ ನಾನು ಇನ್ನೂರು ಅಂದೆ, ಒಂದು ಉರುಳಿಕೊಂಡು ಅಗ್ರಹಾರದ ಸರ್ಕಲ್ ದಾಟಿತು ಅಂತಲೂ ಸೇರಿಸಿದೆ. ಎಳನೀರಿನವನು ಬೈಯಲಿಲ್ಲ. "ದೊಡ್ಡವರು, ನಿಧಾನಕ್ಕೆ ಬನ್ನಿ ಸಾಮಿ" ಅಂದನಂತೆ. ಬೈದಿದ್ದರೇ ವಾಸಿಯಿತ್ತು. ಆ ಮರ್ಯಾದೆಯೇ ಅಪ್ಪನಿಗೆ ಚುಚ್ಚಿದ್ದು.

ಊಟಕ್ಕೆ ಕೂತಾಗ ಅಪ್ಪ ಶುರು ಮಾಡಿದರು. "ಅಪ್ಪಾ, ಇವತ್ತು ಬುರುಡೆ. ನಾಳೆ ಯಾರಾದ್ರೂ ಮನುಷ್ಯರು ನಿಂತಿದ್ರೆ? ಕೀ ಕೊಟ್ಬುಡಿ. ಆಟೋದಲ್ಲಿ ಹೋಗಿ ಬನ್ನಿ."

"ಕಣ್ಣು ಚೆನ್ನಾಗೇ ಇದೆ ಕಣಯ್ಯ," ತಾತ ಸಾರಿನಿಂದ ತಲೆ ಎತ್ತಲಿಲ್ಲ. "ಬಲ್ಬು ಸರಿ ಇಲ್ಲ. ಹಳೇ ಕಾರು, ಹಳೇ ಬಲ್ಬು. ಬೆಳಕೇ ಬರಲ್ಲ."

ಆಗ ನಾನು ಬಾಯಿ ಹಾಕಿದೆ. ನನ್ನ ಬಾಯಿಗೆ ಅಷ್ಟು ಒಳ್ಳೆಯ ಅವಕಾಶ ಅದುವರೆಗೂ ಸಿಕ್ಕಿರಲಿಲ್ಲ. ಹ್ಯಾಲೊಜನ್ ಬಲ್ಬಿನೊಳಗೆ ತಂತಿ ಕಾದು ಉರಿಯುತ್ತದೆ, ಕರೆಂಟಿನ ಬಹುಪಾಲು ಶಾಖಕ್ಕೇ ಹೋಗುತ್ತದೆ, ಉಳಿದದ್ದು ಅರಿಶಿನದ ನೀರಿನಂಥ ಬೆಳಕು. ಎಲ್‌ಇಡಿ ಹಾಗಲ್ಲ, ಕಡಿಮೆ ಕರೆಂಟಿಗೆ ಹಗಲಿನಂಥ ಬಿಳಿ ಬೆಳಕು, ಈಗಿನ ಹೊಸ ಕಾರುಗಳಲ್ಲೆಲ್ಲ ಅದೇ, ಎಂದು ಎರಡನೇ ಪಿಯುಸಿಯ ಅಷ್ಟೂ ಫಿಸಿಕ್ಸನ್ನು ಅನ್ನದ ಮೇಲೆ ಬಡಿಸಿದೆ. ತಾತ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಮುಳುಗುವವರು ದೋಣಿಯನ್ನು ನೋಡುವ ಹಾಗೆ. ಮೊಮ್ಮಗನ ಬುದ್ಧಿವಂತಿಕೆಗೆ ಬೆರಗಾಗಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ.

"ಕೇಳಿಸ್ಕೊಂಡ್ಯಾ? ಓದಿರೋ ಹುಡುಗ ಹೇಳ್ತಿದಾನೆ," ಎಂದರು ತಾತ.

ಅಪ್ಪ ಒಂದು ವಾರ ಗಡುವು ಕೊಟ್ಟರು. "ಹಾಕ್ಸಿ. ನನ್ ಮುಂದೆ ಟೆಸ್ಟ್ ಮಾಡಿ ತೋರ್ಸಿ. ಕಂಡ್ರೆ ಕೀ ನಿಮ್ದು. ಕಾಣ್ಲಿಲ್ವಾ, ಕೀ ಅಮ್ಮನ ಕೈಗೆ." ಅಮ್ಮ ಎಂದರೆ ನನ್ನ ಅಜ್ಜಿ.

ಹಿನಕಲ್ ಹತ್ತಿರ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಇದ್ದಾನೆ. ಕಾರನ್ನು ಅಲ್ಲಿಗೆ ತೆಗೆದುಕೊಂಡು ಹೋದೆವು. ಎರಡೂ ಕಡೆ ಒಟ್ಟಿಗೆ ಹಾಕುವುದು ಪದ್ಧತಿ. ನಾನು ಬಲಗಡೆಗೆ ಮಾತ್ರ ಹಾಕು ಅಂದೆ. ಒಂದೇ ಕಾರು, ಒಂದೇ ಬ್ಯಾಟರಿ, ಒಂದು ಕಡೆ ಹಳೆಯದು ಇನ್ನೊಂದು ಕಡೆ ಹೊಸದು: ಇದಕ್ಕಿಂತ ನ್ಯಾಯವಾದ ಹೋಲಿಕೆ ಪ್ರಪಂಚದಲ್ಲಿ ಇದೆಯೇ? ಅವನು ಎಲ್‌ಇಡಿ ಬಲ್ಬಿನ ಹಿಂದಿನ, ಅದನ್ನು ತಣ್ಣಗಿಡುವ ಪುಟಾಣಿ ಫ್ಯಾನನ್ನು ನನಗೆ ತೋರಿಸಿ, ತಲೆ ಕೆರೆದುಕೊಂಡ.

"ಒಂದ್ ಮಾತು ಹೇಳ್ತೀನಿ ಬೇಜಾರ್ ಮಾಡ್ಕೋಬೇಡ. ಈ ದೀಪದ ಹಿಂದ್ಗಡೆ ಕನ್ನಡಿ ಅದೆಯಲ್ಲ, ಅದನ್ನ ಮಾಡಿರೋದು ಹಳೇ ಬಲ್ಬಿಗೆ. ಅದಕ್ಕೆ ಎಲ್‌ಇಡಿ ತುರುಕಿದ್ರೆ ಬೆಳಕು ಜಾಸ್ತಿ ಬತ್ತದೆ, ಆದ್ರೆ ಎಲ್ಲೆಲ್ಲೋ ಓಯ್ತದೆ. ಎದುರುಗಡೆ ಬರೋರ ಕಣ್ಣಿಗೂ ಹೊಡಿತದೆ. ಕಂಪ್ನಿಯಿಂದ್ಲೇ ಎಲ್‌ಇಡಿ ಬಂದಿರೋ ಕಾರೇ ಬೇರೆ."

"ಅಣ್ಣ, ನೀವು ಹಾಕಿ, ನಾನು ನೋಡ್ಕೋತೀನಿ," ಎಂದೆ. ಫಿಸಿಕ್ಸಿನಲ್ಲಿ ಎಪ್ಪತ್ತೆರಡು ತೆಗೆದವನ ಧೈರ್ಯ ಅದು.

ಅವನು ದೀಪ ಹತ್ತಿಸಿದಾಗ ತಾತ ತಟ್ಟನೆ ಕೈಯನ್ನು ಹುಬ್ಬಿನ ಮೇಲಿಟ್ಟುಕೊಂಡರು. ಕಣ್ಣಲ್ಲಿ ನೀರು ಬಂದಿತ್ತು. "ಏನ್ ಬೆಳಕೋ ಇದು! ಕಣ್ಣಲ್ ನೀರು ತರಿಸ್ತದೆ," ಎಂದರು. ನಾನು ಅದನ್ನೂ ಎಲ್‌ಇಡಿಯ ಅಂಕಪಟ್ಟಿಗೆ ಸೇರಿಸಿಕೊಂಡೆ.

ಅಪ್ಪನ ಮುಂದಿನ ಪರೀಕ್ಷೆಗೆ ಮೊದಲು ನಾವಿಬ್ಬರೇ ಒಂದು ರಿಹರ್ಸಲ್ ಮಾಡಿದೆವು. ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಛತ್ರದ ಹಿಂಗೋಡೆ ಇದೆ, ಉದ್ದಕ್ಕೆ, ಬೋಳಾಗಿ. ಹೊತ್ತು ಮುಳುಗಿದ ಮೇಲೆ ಕಾರನ್ನು ಗೋಡೆಯಿಂದ ಮೂವತ್ತು ಹೆಜ್ಜೆ ದೂರ ನಿಲ್ಲಿಸಿ, ಹಳದಿ ದೀಪವನ್ನು ಮುಚ್ಚಲು ಅಜ್ಜಿಯ ಟವೆಲ್ ಹೊದಿಸಿದೆ. ಎರಡೇ ನಿಮಿಷಕ್ಕೆ ಇಸ್ತ್ರಿ ಅಂಗಡಿಯ ವಾಸನೆ ಬಂತು. ಹ್ಯಾಲೊಜನ್ ಶಾಖದ ಬಗ್ಗೆ ನಾನು ಊಟದಲ್ಲಿ ಹೇಳಿದ್ದು ಸತ್ಯ ಎಂದು ಟವೆಲೇ ಸಾಕ್ಷಿ ಹೇಳಿತು. ಆಮೇಲೆ ರಟ್ಟಿನ ತುಂಡು ಅಡ್ಡ ನಿಲ್ಲಿಸಿದೆ.

ಗೋಡೆಯ ಮೇಲೆ ನೋಡಿದರೆ ಎರಡೂ ಬೇರೆ ಬೇರೆ ಜಾತಿ. ಹಳದಿ ಬೆಳಕು ಮಂದ, ಆದರೆ ಅದಕ್ಕೊಂದು ಅಂಚಿತ್ತು. ಇಲ್ಲಿಗೆ ಸಾಕು ಎಂದು ಗೆರೆ ಎಳೆದ ಹಾಗೆ, ಎಡಕ್ಕೆ ಸ್ವಲ್ಪ ಮೇಲೇರಿ. ಬಿಳಿ ಬೆಳಕು ಮದುವೆ ಮನೆಯ ಫೋಟೋ ಫ್ಲ್ಯಾಶ್ ಹಾಗೆ. ಗೋಡೆಯ ಮೇಲೂ ಇತ್ತು, ಗೋಡೆಯಾಚೆಯ ತೆಂಗಿನ ಗರಿಗಳ ಮೇಲೂ ಇತ್ತು, ಮಲಗಿದ್ದ ನಾಯಿಯ ಮೇಲೂ ಇತ್ತು. ನಾಯಿ ಎದ್ದು ನಮ್ಮನ್ನು ಬೈದು ಹೋಯಿತು.

ಬೆಳಕು ಎಷ್ಟಿದ್ದರೇನು, ಅದರಲ್ಲಿ ಓದಲು ಆಗಬೇಕಲ್ಲ. ಅದಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಇರುತ್ತದಲ್ಲ, ಮೇಲಿಂದ ಕೆಳಕ್ಕೆ ಸಣ್ಣದಾಗುವ ಅಕ್ಷರಗಳ ಬೋರ್ಡು, ಅಂಥದ್ದು ಬೇಕಿತ್ತು. ನಮ್ಮ ಮನೆಯಲ್ಲಿ ಅಂಥ ಬೋರ್ಡು ಆಗಲೇ ಇತ್ತು: ಅಡುಗೆಮನೆಯ ಗೋಡೆ ಕ್ಯಾಲೆಂಡರ್! ದೊಡ್ಡದಾಗಿ ತಾರೀಕು, ಅದರ ಕೆಳಗೆ ಸಣ್ಣಗೆ ತಿಥಿ, ಇನ್ನೂ ಸಣ್ಣಗೆ ನಕ್ಷತ್ರ, ಇರುವೆಯಷ್ಟು ಸಣ್ಣಗೆ ಹಬ್ಬದ ಹೆಸರು. ಈ ಐಡಿಯಾ ಹೊಳೆದಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಕೈ ಪೂರ್ತಿ ಎಟುಕಲಿಲ್ಲ, ಆದರೂ.

ನಾನು ಗೋಡೆಯ ಹತ್ತಿರ ನಿಂತು ಕೋಲಿನಿಂದ ತೋರಿಸಿದೆ. ತಾತ ಕಾರಿನಲ್ಲಿ ಕೂತು ಓದಿದರು. ಹಳದಿ ದೀಪದಲ್ಲಿ, "ತಾರೀಕು ಕಾಣ್ತದೆ, ಕೆಳಗಿಂದೆಲ್ಲ ಮಸುಕು ಕಣೋ," ಎಂದರು. ರಟ್ಟನ್ನು ಹಳದಿ ದೀಪಕ್ಕೆ ಸರಿಸಿ ಬಿಳಿ ಬೆಳಕು ಬಿಟ್ಟೆ. ಹದಿನಾಲ್ಕನ್ನು ತೋರಿಸಿದೆ.

"ಚೌತಿ. ಸಂಕಷ್ಟಿ. ಬರ್ದದೆ ನೋಡು ಕೆಳಗೆ."

ಇಪ್ಪತ್ತೊಂದು.

"ಏಕಾದಶಿ!"

ಮೂವತ್ತು ಹೆಜ್ಜೆ ದೂರದಿಂದ, ಇರುವೆಯಷ್ಟು ಅಕ್ಷರ! ಎಪ್ಪತ್ತಾರು ವರ್ಷದ ಕಣ್ಣು! ನಾನು ಅಲ್ಲೇ ಮೊಬೈಲ್ ತೆಗೆದು ವೀಡಿಯೋ ಮಾಡಿ, 'ಹ್ಯಾಲೊಜನ್ ಸೋತಿತು, ತಾತ ಗೆದ್ದರು' ಎಂದು ಹಾಕಿದೆ. ಕ್ಲಾಸಿನವರೆಲ್ಲ ನೋಡಿದರು. ಒಬ್ಬ, 'ನಿಮ್ ತಾತ ಹದ್ದಾ?' ಎಂದು ಕೇಳಿದ. ಹೌದು ಎಂದು ಬರೆದೆ.

ತಾತ ಪ್ರತಿದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಆ ಕ್ಯಾಲೆಂಡರಿನ ಮುಂದೆ ನಿಂತು ತಿಥಿ, ವಾರ, ನಕ್ಷತ್ರ ಗಟ್ಟಿಯಾಗಿ ಹೇಳುತ್ತಾರೆ ಅನ್ನುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹದಿನೇಳು ವರ್ಷ ಅದೇ ನನ್ನ ಅಲಾರಂ. ಹೊಸ ತಿಂಗಳ ಹಾಳೆ ತಿರುವಿದ ದಿನವೇ ಮೂಗು ತಾಗುವಷ್ಟು ಹತ್ತಿರ ನಿಂತು ಇಡೀ ಹಾಳೆಯನ್ನು ಒಂದು ಸುತ್ತು ಓದಿ ಮುಗಿಸುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ, ಪ್ರಪಂಚದಲ್ಲಿರುವ ಅಷ್ಟೂ ಕಾಗದಗಳನ್ನು ಬಿಟ್ಟು ಅವರಿಗೆ ಬಾಯಿಪಾಠ ಇರುವ ಒಂದೇ ಕಾಗದವನ್ನು ಕೊಂಡೊಯ್ದು ಗೋಡೆಗೆ ಅಂಟಿಸಿದವನು ನಾನು.

ಭಾನುವಾರ ಸಂಜೆ ಅಪ್ಪನ ಮುಂದೆ ನಿಜವಾದ ಪರೀಕ್ಷೆ. ಅಜ್ಜಿ ಕ್ಯಾಲೆಂಡರ್ ಕೊಡಲಿಲ್ಲ.

"ಮೊನ್ನೆ ತಗೊಂಡೋಗಿ ಚರಂಡಿ ಪಕ್ಕ ಬೀಳಿಸ್ಕೊಂಡ್ ಬಂದೆ. ದೇವರ ಪಟ ಇರೋದು. ಕೊಡಲ್ಲ ಬುಡು. ಹೋದ ವರ್ಷದ್ದು ಅಟ್ಟದ ಮೇಲಿದೆ, ಅದ್ನ ತಗೊಂಡ್ ಹೋಗು. ಇದೇ ತಿಂಗಳಿನ ಹಾಳೆ ಹರ್ಕೋ."

ಅಕ್ಷರ ಅಕ್ಷರವೇ, ಯಾವ ವರ್ಷದ್ದಾದರೇನು ಎಂದುಕೊಂಡು ಅದನ್ನೇ ಅಂಟಿಸಿದೆ. ತಾತನಿಗೆ ಹೇಳಬೇಕು ಅನ್ನಿಸಲೇ ಇಲ್ಲ.

ಅಪ್ಪ, ಅಜ್ಜಿ ಕಾರಿನ ಪಕ್ಕ ನಿಂತರು. ಎದುರು ಮನೆಯವರು ಗೇಟಿಗೆ ಒರಗಿಕೊಂಡರು. ನಾನು ಎರಡು ಬಲ್ಬುಗಳ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಬಿಳಿ ದೀಪ ಹತ್ತಿತು. ನಾನು ಗೋಡೆಗೆ ಹೋಗಿ ಹದಿನಾಲ್ಕರ ಮೇಲೆ ಕೋಲಿಟ್ಟೆ.

"ಚೌತಿ, ಸಂಕಷ್ಟಿ!" ತಾತನ ದನಿ ಟಿಕೆಟ್ ಕಂಡಕ್ಟರ್ ಹಾಗೆ ಬಂತು.

ಅಜ್ಜಿ, "ನೋಡು, ಓದ್ತಾರಲ್ಲ!" ಎಂದರು. ನಾನು ಕೋಲಿನ ತುದಿ ನೋಡಿದೆ. ಅಲ್ಲಿ 'ಅಷ್ಟಮಿ' ಎಂದಿತ್ತು.

ಕೋಲು ಎಲ್ಲೋ ಜಾರಿರಬೇಕು ಎಂದುಕೊಂಡು ಇಪ್ಪತ್ತೊಂದಕ್ಕೆ ಇಟ್ಟೆ. "ಏಕಾದಶಿ!" ಅಲ್ಲಿ ಇದ್ದದ್ದು ಹುಣ್ಣಿಮೆ. ತಾರೀಕಿನ ಪಕ್ಕದಲ್ಲೇ ಪೂರ್ಣಚಂದ್ರನ ದುಂಡು ಗುರುತು, ಒಂದು ರೂಪಾಯಿ ನಾಣ್ಯದಷ್ಟು ದೊಡ್ಡದು, ಅದೂ ಕಂಡಿರಲಿಲ್ಲ.

ಗೋಡೆಯ ಹತ್ತಿರ ಇದ್ದದ್ದು ನಾನೊಬ್ಬನೇ. ಅಪ್ಪನಿಗೆ ಅಷ್ಟು ದೂರದಿಂದ ಸಣ್ಣಕ್ಷರ ಕಾಣುವುದು ಸಾಧ್ಯವಿರಲಿಲ್ಲ. ನಾನು ಸುಮ್ಮನಿದ್ದಿದ್ದರೆ ಕೀ ತಾತನ ಜೇಬಿನಲ್ಲೇ ಉಳಿಯುತ್ತಿತ್ತು, ಕಾರು ನನಗೇ ಉಳಿಯುತ್ತಿತ್ತು. ಸತ್ಯಕ್ಕಾಗಿ ಬಾಯಿ ಬಿಟ್ಟೆ ಎಂದು ಸ್ನೇಹಿತರಿಗೆ ಹೇಳಿದ್ದೇನೆ. ಸುಳ್ಳು. ನನಗೆ ಉರಿದುಹೋಗಿತ್ತು. ನನ್ನ ಹೋಲಿಕೆ, ನನ್ನ ರಟ್ಟು, ನನ್ನ ಕೋಲು, ನನ್ನ ವೀಡಿಯೋ, ಎಲ್ಲದರ ಮುಂದೆ ಕೂತು ಈ ಮನುಷ್ಯ ಬಾಯಿಪಾಠ ಒಪ್ಪಿಸಿದ್ದರು. ನಾನು ಕೋಲನ್ನು ಹಾಳೆಯ ತಲೆಗೆ ಒಯ್ದೆ. ಅಲ್ಲಿ ಇಸವಿ ಅಂಗೈ ಅಗಲ ಇತ್ತು.

"ತಾತ, ಇದು ಯಾವ ಇಸವಿ?"

"ಇದೇನೋ ಪ್ರಶ್ನೆ? ಈ ವರ್ಷದ್ದು."

ಅಂಗೈಯಗಲದ ಅಂಕಿ ಅಪ್ಪನಿಗೂ ಕಾಣುತ್ತಿತ್ತು, ಗೇಟಿನ ಹತ್ತಿರದವರಿಗೂ ಕಾಣುತ್ತಿತ್ತು. ಎಲ್‌ಇಡಿ ಅದರ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ಅಪ್ಪ ಕಾರಿನ ಕಿಟಕಿಯೊಳಗೆ ಕೈ ಚಾಚಿದರು, ತಾತ ಕೀ ತೆಗೆದು ಆ ಕೈಯಲ್ಲಿಟ್ಟರು. ಆಮೇಲೆ ಗೋಡೆಯ ಕಡೆ ತಿರುಗಿ, ನಾನು ನಿಂತಿದ್ದ ಜಾಗಕ್ಕಿಂತ ಸ್ವಲ್ಪ ಪಕ್ಕಕ್ಕೆ ನೋಡುತ್ತಾ ಹೇಳಿದರು:

"ನೀನೇ ಕೇಳ್ಬುಟ್ಯಲ್ಲೋ."

ಕಾರನ್ನು ಶೆಡ್ಡಿಗೆ ತಂದ ಮೇಲೆ ಅಪ್ಪ ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದರು. ಕಾರಿನ ಕಾಗದಗಳ ಕೆಳಗೆ ಕಣ್ಣಾಸ್ಪತ್ರೆಯ ಚೀಟಿ ಮಡಚಿ ಇಟ್ಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಬೇಕು, ಅಲ್ಲಿಯವರೆಗೆ ವಾಹನ ಓಡಿಸಬಾರದು. ಚೀಟಿ ನಾಲ್ಕು ತಿಂಗಳ ಹಿಂದಿನದು. ಎಳನೀರಿಗಿಂತ ಮೊದಲಿನದು, ಬಲ್ಬಿಗಿಂತ ಮೊದಲಿನದು, ನನ್ನ ಫಿಸಿಕ್ಸ್ ಭಾಷಣಕ್ಕಿಂತ ಬಹಳ ಮೊದಲಿನದು. ಪೊರೆ ಬಂದ ಕಣ್ಣಿಗೆ ಬಿಳಿ ಬೆಳಕು ಚೆಲ್ಲಾಪಿಲ್ಲಿಯಾಗಿ ಇನ್ನೂ ಕಷ್ಟವಂತೆ. ಅಂದರೆ ನಾನು ಹುಡುಕಿ ಹುಡುಕಿ ಅವರಿಗೆ ಹೆಚ್ಚು ತೊಂದರೆ ಕೊಡುವ ದೀಪವನ್ನೇ ಹಾಕಿಸಿದ್ದೆ, ಅವರು ಅದರ ಮುಂದೆ ಕಣ್ಣೀರು ಸುರಿಸಿಕೊಂಡು ಏಕಾದಶಿ ಅಂದಿದ್ದರು.

"ಗೊತ್ತಿದ್ದೂ ನನ್ನನ್ನ ಮಂಗ ಮಾಡಿದ್ರಲ್ಲ ತಾತ!" ಎಂದೆ.

"ನಾನೆಲ್ಲೋ ಮಾಡಿದೆ? ಬಲ್ಬು ಬಲ್ಬು ಅಂತ ಕುಣಿದಿದ್ದು ನೀನು. ನಾನು ಹೂಂ ಅಂದೆ ಅಷ್ಟೆ."

"ಮೊದಲು ಬಲ್ಬು ಅಂದಿದ್ದೇ ನೀವು!"

"ಕಣ್ಣು ಅಂದಿದ್ರೆ ಅವತ್ತೇ ಕೀ ಹೋಗ್ತಿತ್ತು ಕಣೋ," ಎಂದರು, ಬಹಳ ಸಣ್ಣ ದನಿಯಲ್ಲಿ. ನನಗೆ ಅದನ್ನು ಕೇಳುವ ತಾಳ್ಮೆ ಇರಲಿಲ್ಲ. ಮೇಲೆ ಹೋಗಿ ವೀಡಿಯೋ ಅಳಿಸಿದೆ. ಅಷ್ಟರಲ್ಲಿ ಹದ್ದಿನ ಮೊಮ್ಮಗ ಎಂದು ಕಾಲೇಜಿನಲ್ಲಿ ನನಗೇ ಹೆಸರು ಬಿದ್ದಾಗಿತ್ತು.

ಹತ್ತು ದಿನಕ್ಕೆ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿಗೆ ಇನ್ನೊಂದು ತಿಂಗಳು ಬಿಟ್ಟು. ಈ ಮಧ್ಯೆ ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಕಾಫಿ ಬೇಕಾದರೂ ಅಜ್ಜಿಯ ಮೂಲಕ ಹೇಳಿಕಳಿಸುತ್ತಿದ್ದೆವು. ಕಪ್ಪು ಕನ್ನಡಕ ತೆಗೆಯಬಹುದು ಎಂದು ಡಾಕ್ಟರು ಹೇಳಿದ ಬೆಳಿಗ್ಗೆ ತಾತ ನೇರವಾಗಿ ಶೆಡ್ಡಿಗೆ ಹೋದರು. ಪಂಚೆ ಬಟ್ಟೆ ತೆಗೆದುಕೊಂಡರು. ನಾನು ಹಲ್ಲುಜ್ಜುತ್ತಾ ನೋಡುತ್ತಿದ್ದೆ. ಮುಂದಿನ ಗಾಜು, ಬಾನೆಟ್ಟು, ಬಲಗಡೆ ಬಾಗಿಲುಗಳು. ಆಮೇಲೆ ಎಡಗಡೆಗೆ ಬಂದರು.

ಬಟ್ಟೆ ನಿಂತಿತು.

ಅವರು ಎಡಗಣ್ಣನ್ನು ಕೈಯಿಂದ ಮುಚ್ಚಿ ಬಾಗಿಲನ್ನು ನೋಡಿದರು. ಆಮೇಲೆ ಬಲಗಣ್ಣನ್ನು ಮುಚ್ಚಿ ನೋಡಿದರು. ಮತ್ತೆ ಎಡಗಣ್ಣು. ಬೆರಳಿನಿಂದ ಗೀರನ್ನು ಉದ್ದಕ್ಕೂ ಸವರಿ ಬೆರಳಿನ ತುದಿಯನ್ನು ಮೂಸಿದರು. ಪಾಲಿಶ್ ವಾಸನೆ ಇನ್ನೂ ಇತ್ತು ಅಂತ ಕಾಣುತ್ತದೆ. ನನ್ನ ಬಾಯಲ್ಲಿದ್ದ ನೊರೆಯನ್ನು ನಾನು ನುಂಗಿಬಿಟ್ಟೆ.

"ಯಾವಾಗಿಂದು ಇದು?"

"ಎರಡು ತಿಂಗಳು," ಎಂದೆ.

"ದಿನಾ ಇದರ ಮೇಲೇ ಒರೆಸ್ತಿದ್ನಲ್ಲೋ. ನೀನು ನಿಂತ್ಕೊಂಡು ನೋಡ್ತಿದ್ದೆ."

"ಹೂಂ."

"ಅಂದ್ರೆ ನನಗೆ ಕಾಣ್ತಿಲ್ಲ ಅಂತ ನಿನಗೆ ಗೊತ್ತಿತ್ತು."

ನಾನು ಬ್ರಷ್ಷನ್ನು ಮತ್ತೆ ಬಾಯಿಗೆ ಹಾಕಿಕೊಂಡೆ. ತಾತ ಒಂದು ನಿಮಿಷ ನನ್ನನ್ನೇ, ಈ ಸಲ ಸರಿಯಾಗಿ ನನ್ನ ಮುಖವನ್ನೇ, ನೋಡಿದರು. ಪಾಪದ ಮನುಷ್ಯ, ಕ್ಷಮಿಸುತ್ತಾರೆ, ಪಾಲಿಶ್ ತಗೊಂಡ್ ಬಾ, ಇಬ್ಬರೂ ಮುಚ್ಚೋಣ ಅನ್ನುತ್ತಾರೆ ಎಂದು ನಾನು ಕಾದೆ. ಅವರು ಮನೆಯ ಕಡೆ ತಿರುಗಿ, ಛತ್ರದವರೆಗೂ ಕೇಳುವ ಹಾಗೆ ಕೂಗಿದರು:

"ಏ ಬಾರಯ್ಯ ಇಲ್ಲಿ! ನಿನ್ ಮಗ ಕಾರಿಗೆ ಏನ್ ಮಾಡಿದಾನೆ ನೋಡು ಬಾ!"

ಎದುರು ಮನೆಯವರು ಗೇಟಿಗೆ ಬಂದರು. ಅವರಿಗೆ ನಮ್ಮ ಮನೆಯಿಂದಾಗಿ ಟೀವಿ ಬೇಕಾಗಿಲ್ಲ. ಅಪ್ಪ ಬಂದು ಗೀರು ನೋಡಿದರು, ನನ್ನನ್ನು ನೋಡಿದರು, ತಾತನನ್ನು ನೋಡಿದರು. "ಇಬ್ರೂ ಒಂದೇ," ಎಂದರು. ತೀರ್ಪು ಅಲ್ಲೇ ಆಯಿತು. ಎರಡನೇ ಕಣ್ಣೂ ಆಗಿ, ಡಾಕ್ಟರು ಬರೆದುಕೊಟ್ಟರೆ ತಾತ ಓಡಿಸಬಹುದು, ಅದೂ ಹಗಲು ಮಾತ್ರ. ನನಗೆ ಹದಿನೆಂಟಾದರೂ ಇನ್ನೊಂದು ವರ್ಷ ಕೀ ಮುಟ್ಟುವ ಹಾಗಿಲ್ಲ. ಕೀ ಅಜ್ಜಿಯ ಸೊಂಟದಲ್ಲಿ. ಗುಜರಿಯ ಮಾತನ್ನು ಅಪ್ಪ ಎತ್ತಲಿಲ್ಲ, ಅದೊಂದು ಉಳಿಯಿತು.

ಮಧ್ಯಾಹ್ನ ನಾನು ಶೆಡ್ಡಿಗೆ ಹೋದಾಗ ತಾತ ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಶೆಡ್ಡಿನ ಬಾಗಿಲು ಮುಚ್ಚಿ ಒಳಗೆ ಅರೆಗತ್ತಲು. ನಾನು ಪಕ್ಕದ ಸೀಟಿನಲ್ಲಿ ಕೂತೆ. ಯಾರಿಗೆ ಯಾರ ಮೇಲೆ ಹೆಚ್ಚು ಕೋಪ ಬರಬೇಕು ಎನ್ನುವುದು ಇಬ್ಬರಿಗೂ ತಿಳಿದಿರಲಿಲ್ಲ. ಅಷ್ಟು ಹಳೆಯ ಕಾರಾದ್ದರಿಂದ ಕೀ ಇಲ್ಲದಿದ್ದರೂ ದೀಪ ಹತ್ತುತ್ತದೆ. ತಾತ ಸ್ವಿಚ್ ತಿರುವಿದರು. ಎದುರಿದ್ದ ಶೆಡ್ಡಿನ ಬಾಗಿಲಿನ ತಗಡಿನ ಮೇಲೆ ಬಲಕ್ಕೆ ಬಿಳಿ, ಎಡಕ್ಕೆ ಹಳದಿ ಬಿತ್ತು. ಅವರು ಅದರ ಕಡೆ ನೋಡದೆ, ತಮ್ಮ ಪಂಚೆಯ ಅಂಚನ್ನು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ಮತ್ತೊಂದು ಮುಚ್ಚಿ ನೋಡಿದರು.

"ಈ ಕಣ್ಣಲ್ಲಿ ಪಂಚೆ ಬೆಳ್ಳಗದೆ. ಈ ಕಣ್ಣಲ್ಲಿ ಹಳದಿ. ಇಷ್ಟ್ ದಿನ ಅಜ್ಜಿ ಸರಿಯಾಗಿ ಒಗೀತಿಲ್ಲ ಅಂತ ಬೈತಿದ್ನಲ್ಲೋ."

"ಯಾವುದು ವಾಸಿ ತಾತ?" ಎಂದೆ. ಎಷ್ಟಾದರೂ ಹೋಲಿಕೆ ಶುರು ಮಾಡಿದವನು ನಾನು, ಫಲಿತಾಂಶ ನನಗೆ ಬೇಕಲ್ಲ.

ತಾತ ಬಲಗಣ್ಣಿನಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಆ ಕಣ್ಣನ್ನು ಮುಚ್ಚಿ, ಎಡಗಣ್ಣಿನಲ್ಲಿ ಇನ್ನೊಮ್ಮೆ ನೋಡಿದರು.

"ನಿನ್ನ ನೋಡಕ್ಕೆ ಹಳೇದೇ ವಾಸಿ," ಎಂದು ದೀಪ ಆರಿಸಿದರು.